ಸಮುದ್ರ ರಫ್ ಇರುವಾಗ ಹಡಗಿನ ಮೇಲೆ ವಿಮಾನ ಹೇಗೆ ಇಳಿಸ್ತಾರೆ? ಡೆಕ್ಕೇ ಮೇಲೆ ಕೆಳಗೆ ಆಗ್ತಿರತ್ತಲ್ಲ

ಸುಮಾ_ಎನ್:

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ತಲೇಲಿ ಇರೋ ಪ್ರಶ್ನೆ, ಇಲ್ಲಿ ನೇವಿ ಮತ್ತೆ ಏವಿಯೇಷನ್ ಗೊತ್ತಿರೋರು ಇದೀರಲ್ಲ ಅಂತ ಕೇಳ್ತಿದೀನಿ. ಏರ್‌ಕ್ರಾಫ್ಟ್ ಕ್ಯಾರಿಯರ್ ಮೇಲೆ ಜೆಟ್ ಇಳಿಯೋದನ್ನ ಎಲ್ಲರೂ ನೋಡಿರ್ತೀವಿ, ಹಿಂದೆ ಹುಕ್ ಇರತ್ತೆ, ಡೆಕ್ ಮೇಲೆ ಅಡ್ಡ ವೈರ್ ಇರತ್ತೆ, ಹುಕ್ ಸಿಕ್ಕಾಕೊಂಡು ನಿಲ್ಲತ್ತೆ, ಅಷ್ಟು ಗೊತ್ತು. ಆದ್ರೆ ದೊಡ್ಡ ಅಲೆ ಇರೋವಾಗ ಹಡಗಿನ ಹಿಂಭಾಗ ಒಂದು ಮಹಡಿ ಎರಡು ಮಹಡಿ ಎತ್ತರ ಎದ್ದು ಬೀಳ್ತಿರತ್ತೆ, ಅಂಥ ಹೊತ್ತಲ್ಲಿ, ಅದೂ ರಾತ್ರಿ, ಮಳೇಲಿ, ಪೈಲಟ್ ಏನ್ ಮಾಡ್ತಾರೆ? ಡೆಕ್ ಯಾವಾಗ ಕೆಳಗೆ ಬರತ್ತೆ ಅಂತ ನೋಡ್ಕೊಂಡು ಸರಿಯಾಗಿ ಟೈಮ್ ಮಾಡಿ ಇಳಿಸ್ತಾರಾ? ಇನ್ನೊಂದು, ಡೆಕ್ ಮುಟ್ಟಿದ ತಕ್ಷಣ ಎಂಜಿನ್ ಸದ್ದು ಕಮ್ಮಿ ಆಗೋ ಬದಲು ಜಾಸ್ತಿ ಆಗತ್ತೆ, ಅದ್ಯಾಕೆ? ಮತ್ತೆ ಚಿಕ್ಕ ಹಡಗುಗಳ ಮೇಲೆ ಹೆಲಿಕಾಪ್ಟರ್ ಇಳಿಸೋದು ಇದಕ್ಕಿಂತ ಸುಲಭಾನಾ ಕಷ್ಟಾನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್, ಉದ್ದ ಆದ್ರೂ ಪರವಾಗಿಲ್ಲ ಓದ್ತೀನಿ.

ಹಳೇ_ಡೆಕ್:

ಸುಮಾ ಅವರೇ, ಒಳ್ಳೆ ಪ್ರಶ್ನೆ. ನಾನು ಪೈಲಟ್ ಅಲ್ಲ, ಡೆಕ್ ಮೇಲೆ ಕೆಲಸ ಮಾಡ್ದೋನು, ಈಗ ರಿಟೈರ್ಡ್. ಮೊದಲ್ನೇ ಪ್ರಶ್ನೆಗೆ ನೇರವಾಗಿ ಹೇಳ್ಬಿಡ್ತೀನಿ: ಇಲ್ಲ, ಡೆಕ್ ನೋಡಿ ಟೈಮ್ ಮಾಡಲ್ಲ. ಮಾಡ್ಲೇಬಾರದು. ಕ್ಯಾರಿಯರ್ ಪೈಲಟ್‌ಗೆ ಶುರುವಿಂದ ತಲೆಗೆ ತುಂಬೋದೇ ಡೆಕ್ ಹಿಂದೆ ಓಡಬೇಡ ಅಂತ.

ಯಾಕೆ ಅಂದ್ರೆ ಲೆಕ್ಕ ನೋಡಿ. ಜೆಟ್ ಬರೋದು ಹತ್ರಹತ್ರ ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ, ಅಂದ್ರೆ ಸೆಕೆಂಡಿಗೆ ಸುಮಾರು 70 ಮೀಟರ್. ಕೊನೇ ನೇರ ದಾರಿ ಇರತ್ತಲ್ಲ, ಹಡಗಿನ ಹಿಂದೆ ರೆಕ್ಕೆ ಸಮ ಮಾಡ್ಕೊಂಡು ಇಳಿಯೋಕೆ ಬರೋದು, ಅದು ಒಟ್ಟು 15ರಿಂದ 18 ಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಡೆಕ್ ಒಂದೆರಡು ಸಲ ಎದ್ದು ಬಿದ್ದಿರತ್ತೆ. ನೀವು ಡೆಕ್ ಕೆಳಗೆ ಹೋಯ್ತು ಅಂತ ಪವರ್ ಕಮ್ಮಿ ಮಾಡಿದ್ರೆ ವಿಮಾನ ಇಳಿಯೋಕೆ ಶುರು ಮಾಡತ್ತೆ, ಆ ಇಳಿತ ನಿಲ್ಸೋಕೆ ಮತ್ತೆ ಪವರ್ ಕೊಟ್ರೆ ಎಂಜಿನ್ ತಕ್ಷಣ ಏಳಲ್ಲ, ಅಷ್ಟರಲ್ಲಿ ಡೆಕ್ ವಾಪಸ್ ಮೇಲೆ ಬರ್ತಿರತ್ತೆ, ನೀವು ಕೆಳಗೆ ಅದು ಮೇಲೆ, ಇಬ್ರೂ ಎದುರುಬದುರು. ಹಡಗಿನ ಹಿಂದಿನ ಅಂಚಿಗೆ ರ‍್ಯಾಂಪ್ ಅಂತೀವಿ, ಅದಕ್ಕೆ ವಿಮಾನ ಬಡಿಯೋದು ಹೀಗೇನೇ. ಅಮೆರಿಕದ ದೊಡ್ಡ ಕ್ಯಾರಿಯರ್‌ಗಳಲ್ಲಿ ಎಲ್ಲಾ ಸರಿ ಇದ್ರೂ ಹುಕ್ ಆ ಅಂಚನ್ನ ದಾಟೋದು ಬರೀ 14 ಅಡಿ ಎತ್ತರದಲ್ಲಿ, ನಾಲ್ಕು ಮೀಟರ್ ಚಿಲ್ಲರೆ. ಹಡಗು ಉದ್ದುದ್ದಕ್ಕೆ ತೂಗಾಡುವಾಗ ನಡುಭಾಗ ಅಷ್ಟು ಅಲ್ಲಾಡಲ್ಲ, ತುದಿ ಅಲ್ಲಾಡತ್ತೆ, ವಿಮಾನ ದಾಟಬೇಕಾಗಿರೋದು ಆ ತುದೀನೇ. ಕೆಟ್ಟ ಸಮುದ್ರದಲ್ಲಿ ಅದು ಎದ್ದು ಬೀಳೋದು ಈ 14 ಅಡಿಗಿಂತ ಜಾಸ್ತಿ ಇರಬಹುದು. ಇರೋ ಜಾಗ ಇಷ್ಟೇ.

ಹಾಗಾದ್ರೆ ಏನ್ ನೋಡ್ತಾರೆ ಅಂದ್ರೆ ಲೈಟ್. ಡೆಕ್ಕಿನ ಎಡಗಡೆ ಒಂದು ಲೆನ್ಸ್ ಸೆಟ್ ಇರತ್ತೆ. ನಡುವೆ ಒಂದರ ಮೇಲೊಂದು ಲೆನ್ಸ್, ಅಕ್ಕಪಕ್ಕ ಹಸಿರು ದೀಪದ ಸಾಲು. ಒಂದೊಂದು ಲೆನ್ಸೂ ಒಂದೊಂದು ಕೋನದಿಂದ ಮಾತ್ರ ಕಾಣತ್ತೆ, ಹಾಗಾಗಿ ಪೈಲಟ್‌ಗೆ ಕಾಣೋದು ಒಂದೇ ಒಂದು ಹಳದಿ ಉಂಡೆ, ಅದಕ್ಕೆ ಬಾಲ್ ಅಂತಾರೆ. ಬಾಲ್ ಹಸಿರು ಸಾಲಿನ ಸಮಕ್ಕೆ ಇದ್ರೆ ಸರಿಯಾದ ದಾರೀಲಿ ಇದೀರಿ, ಸಾಲಿಗಿಂತ ಮೇಲಿದ್ರೆ ನೀವು ಎತ್ತರ, ಕೆಳಗಿದ್ರೆ ತಗ್ಗು, ತೀರಾ ಕೆಳಗೆ ಹೋದ್ರೆ ಕೆಂಪು ಆಗತ್ತೆ, ಕೆಂಪು ಕಂಡ್ರೆ ಪವರ್ ಕೊಟ್ಟು ಮೇಲೆ ಹೋಗ್ತಾ ಇರಬೇಕು. ಇಲ್ಲಿ ಮುಖ್ಯ ಏನಂದ್ರೆ ಈ ಲೆನ್ಸನ್ನ ಗೈರೋ (ಹಡಗು ಎಷ್ಟು ವಾಲಿದೆ ಅಂತ ಅಳೆಯೋ ಸಾಧನ) ಇಟ್ಟು ಸ್ಟೆಬಿಲೈಸ್ ಮಾಡಿರ್ತಾರೆ, ಹಡಗು ಅಲ್ಲಾಡಿದ್ರೂ ಒಂದು ಮಿತಿವರೆಗೂ ಬೆಳಕಿನ ದಾರಿ ಆಕಾಶದಲ್ಲಿ ನಿಂತಲ್ಲೇ ನಿಂತಿರತ್ತೆ. ಪೈಲಟ್ ಕುಣಿಯೋ ಡೆಕ್ ಬಿಟ್ಟು ಆ ದಾರೀನ ಹಿಡ್ಕೊಂಡು ಬರ್ತಾರೆ. ಬಾಲ್, ಲೈನ್‌ಅಪ್ (ರನ್‌ವೇ ನಡುಗೆರೆಗೆ ನೇರ ಇದೀವಾ ಅನ್ನೋದು), ಆಂಗಲ್ ಆಫ್ ಅಟ್ಯಾಕ್ (ಎದುರು ಬರೋ ಗಾಳಿಗೆ ರೆಕ್ಕೆ ಎಷ್ಟು ಕೋನದಲ್ಲಿದೆ ಅನ್ನೋದು), ಕಣ್ಣು ಈ ಮೂರರ ಮಧ್ಯೆ ಓಡಾಡ್ತಾನೇ ಇರತ್ತೆ.

ಲೈನ್‌ಅಪ್ ಕೂಡ ಸುಲಭ ಅಲ್ಲ. ಇಳಿಯೋ ರನ್‌ವೇ ಹಡಗಿನ ನೇರಕ್ಕೆ ಇರಲ್ಲ, ಸುಮಾರು 9 ಡಿಗ್ರಿ ಎಡಕ್ಕೆ ಓರೆ ಇರತ್ತೆ. ಹಡಗು ಮುಂದಕ್ಕೆ ಹೋಗ್ತಿರತ್ತಾದ್ರಿಂದ ನೀವು ಗುರಿ ಇಟ್ಟ ರನ್‌ವೇ ಯಾವಾಗ್ಲೂ ಬಲಕ್ಕೆ ಸರೀತಾ ಇರತ್ತೆ, ಚಿಕ್ಕ ಚಿಕ್ಕದಾಗಿ ಬಲಕ್ಕೆ ತಿದ್ಕೊಂಡೇ ಬರಬೇಕು.

ಎಂಜಿನ್ ಸದ್ದಿನ ವಿಷ್ಯ: ಚಕ್ರ ಮುಟ್ಟಿದ ಕ್ಷಣಕ್ಕೇ ಥ್ರಾಟಲ್, ಅಂದ್ರೆ ಎಂಜಿನ್ ಪವರ್ ಲಿವರ್, ಪೂರ್ತಿ ಮುಂದಕ್ಕೆ. ಹುಕ್ ವೈರ್ ಹಿಡೀತೋ ಇಲ್ವೋ ಅಂತ ಕಾದು ನೋಡೋಕೆ ಟೈಮ್ ಇಲ್ಲ. ಹಿಡಿದಿದ್ರೆ ವೈರ್ ಆ ಪವರನ್ನೂ ಸೇರಿಸಿ ಎರಡು ಚಿಲ್ಲರೆ ಸೆಕೆಂಡಲ್ಲಿ ನಿಲ್ಸತ್ತೆ, ಹಿಡೀದೇ ಇದ್ರೆ ಓರೆ ಡೆಕ್ಕಿನ ಇನ್ನೊಂದು ತುದಿಯಿಂದ ಹಾರಿ ಹೋಗ್ಬೇಕಲ್ಲ, ಅದಕ್ಕೆ ವೇಗ ಬೇಕು. ಹಾಗೆ ಹಾರಿ ಹೋಗೋದಕ್ಕೆ ಬೋಲ್ಟರ್ ಅಂತಾರೆ.

ಸುಮಾ_ಎನ್:

ವಾವ್ ತುಂಬಾ ಥ್ಯಾಂಕ್ಸ್ ಸರ್, ಇಷ್ಟು ಚೆನ್ನಾಗಿ ಯಾರೂ ಹೇಳಿರ್ಲಿಲ್ಲ. ಒಂದು ಡೌಟು, ಸ್ಟೆಬಿಲೈಸ್ ಮಾಡೋಕೂ ಒಂದು ಮಿತಿ ಇದೆ ಅಂದ್ರಲ್ಲ, ಆ ಮಿತಿ ದಾಟಿದ್ರೆ? ಮತ್ತೆ ದಾರಿ ನಿಂತಿದ್ರೂ ಡೆಕ್ ನಿಂತಿರಲ್ವಲ್ಲ, ಪೈಲಟ್ ಸರಿಯಾದ ದಾರೀಲೇ ಬಂದ್ರೂ ಆ ಕ್ಷಣಕ್ಕೆ ಡೆಕ್ ಮೇಲೆದ್ದಿದ್ರೆ ಹೊಡೆಯತ್ತಲ್ವಾ?

ಹಳೇ_ಡೆಕ್:

ಸರಿಯಾದ ಜಾಗಕ್ಕೆ ಕೈ ಇಟ್ರಿ. ಅದನ್ನ ನೋಡ್ಕೊಳೋಕೇ ಒಬ್ಬ ಮನುಷ್ಯ ಇರೋದು, ಲ್ಯಾಂಡಿಂಗ್ ಸಿಗ್ನಲ್ ಆಫೀಸರ್, ಎಲ್‌ಎಸ್‌ಒ. ಹಿಂಭಾಗದಲ್ಲಿ ಎಡಗಡೆ ಅಂಚಿಗೆ ಒಂದು ಸಣ್ಣ ಕಟ್ಟೆ, ಪಕ್ಕದಲ್ಲಿ ಬಲೆ, ವಿಮಾನ ಹೊಡ್ಕೊಂಡ್ರೆ ಹಾರಿ ಬೀಳೋಕೆ. ಅಲ್ಲಿ ನಿಲ್ಲೋರು ಯಾರೋ ಆಫೀಸಲ್ಲಿ ಕೂರೋರಲ್ಲ, ಅವರೂ ಅದೇ ಹಡಗಿನ ಪೈಲಟ್‌ಗಳೇ, ಇವತ್ತು ಇಳಿಸೋರು ನಾಳೆ ಇಳಿಯೋರು. ಒಂದು ಕೈಲಿ ಫೋನ್ ಥರದ ರೇಡಿಯೋ, ಇನ್ನೊಂದು ಕೈಲಿ ಸ್ವಿಚ್, ಆ ಕೈ ಯಾವಾಗ್ಲೂ ತಲೆ ಮೇಲೆ ಎತ್ತಿರತ್ತೆ ಡೆಕ್ ಖಾಲಿ ಆಗೋವರೆಗೂ. ಸ್ವಿಚ್ ಒತ್ತಿದ್ರೆ ಲೆನ್ಸ್ ಪಕ್ಕದ ಕೆಂಪು ದೀಪಗಳು ಮಿನುಗ್ತಾವೆ, ವೇವ್ ಆಫ್, ಅಂದ್ರೆ ಇಳೀಬೇಡ ಮೇಲೆ ಹೋಗು. ಅದು ಸಲಹೆ ಅಲ್ಲ, ಆರ್ಡರು. ಪೈಲಟ್ ಎಷ್ಟೇ ಸೀನಿಯರ್ ಆಗಿದ್ರೂ ಎದುರು ಮಾತಿಲ್ಲ.

ವಿಮಾನ ಮುಕ್ಕಾಲು ಮೈಲಿ ದೂರ ಇರುವಾಗ ಪೈಲಟ್ ತನ್ನ ನಂಬರ್ ಹೇಳಿ, ಯಾವ ವಿಮಾನ ಹೇಳಿ, ಬಾಲ್ ಕಾಣ್ತಿದೆ ಅಂತ ಹೇಳಿ, ಎಷ್ಟು ಇಂಧನ ಉಳಿದಿದೆ ಅಂತಾನೂ ಹೇಳ್ತಾರೆ. ಎಲ್‌ಎಸ್‌ಒ ರೋಜರ್ ಬಾಲ್ ಅಂದ್ರೆ ಅಲ್ಲಿಂದ ಈ ಇಬ್ಬರ ಮಧ್ಯೆ. ಮಂಜು ಮಳೇಲಿ ಬಾಲ್ ಕಾಣ್ಲಿಲ್ಲ ಅಂದ್ರೆ ಪೈಲಟ್ ಕ್ಲಾರಾ ಅಂತ ಹೇಳ್ತಾರೆ, ಆಗ ಎಲ್‌ಎಸ್‌ಒ ಬರೀ ಮಾತಲ್ಲೇ ಎಡ ಬಲ ಪವರ್ ಅಂತ ಹೇಳ್ಕೊಂಡು ಬರ್ತಾರೆ. ಆ ಧ್ವನಿ ಕೇಳಿದೋರಿಗೆ ಗೊತ್ತು, ಎಂಥ ಗಾಳೀಲೂ ಏರೋದೇ ಇಲ್ಲ ಇಳಿಯೋದೇ ಇಲ್ಲ, ಅದೇ ಸಮಾಧಾನದ ದನಿ, ಯಾಕಂದ್ರೆ ಇವರ ದನಿ ನಡುಗಿದ್ರೆ ಅವರ ಕೈ ನಡುಗತ್ತೆ. ಪವರ್ ಅನ್ನೋ ಒಂದೇ ಪದವನ್ನ ಮೆಲ್ಲಗೆ ಹೇಳಿದ್ರೆ ಒಂದರ್ಥ, ಎರಡು ಸಲ ಜೋರಾಗಿ ಹೇಳಿದ್ರೆ ಇನ್ನೊಂದರ್ಥ.

ಇನ್ನು ಡೆಕ್ ತುಂಬಾ ಕುಣೀತಿದ್ರೆ ಆ ಆಟೋಮ್ಯಾಟಿಕ್ ಲೆನ್ಸ್ ಆಫ್ ಮಾಡಿ ಕೈಯಲ್ಲಿ ಓಡಿಸೋದು ಹಾಕ್ತಾರೆ, ಮಾವ್‌ಲಾಸ್ ಅಂತ. ಎಲ್‌ಎಸ್‌ಒ ಕೈಲಿ ಒಂದು ಲಿವರ್, ಅದನ್ನ ಮೇಲೆ ಕೆಳಗೆ ಮಾಡಿದ್ರೆ ಪೈಲಟ್‌ಗೆ ಕಾಣೋ ಬಾಲ್ ಮೇಲೆ ಕೆಳಗೆ ಹೋಗತ್ತೆ. ಅಂದ್ರೆ ಪೈಲಟ್ ತಾನು ಎಲ್ಲಿದೀನಿ ಅಂತ ಅಂದ್ಕೋತಾರೋ ಅದನ್ನ ಪೂರ್ತಿ ಇನ್ನೊಬ್ಬರು ತಮ್ಮ ಕಣ್ಣಳತೇಲಿ ತೋರಿಸ್ತಾ ಇರ್ತಾರೆ. ಡೆಕ್ಕಿನ ಲಯ ನೋಡೋದು ಎಲ್‌ಎಸ್‌ಒ ಕೆಲಸ. ಅಲೆಗಳು ಒಂದೇ ಥರ ಬರಲ್ಲ, ನಾಲ್ಕೈದು ದೊಡ್ಡವು ಬಂದ್ಮೇಲೆ ಸ್ವಲ್ಪ ಶಾಂತ ಆಗತ್ತೆ, ಆ ಸಂದಿಗೆ ವಿಮಾನ ಬಂದ್ರೆ ಬಿಡ್ತಾರೆ, ಇಲ್ಲಾಂದ್ರೆ ಪೈಲಟ್ ಎಷ್ಟೇ ಚೆನ್ನಾಗಿ ಬಂದಿರ್ಲಿ ವೇವ್ ಆಫ್. ಪೈಲಟ್ ತಪ್ಪಿಲ್ದೇ ವೇವ್ ಆಫ್ ಆಗೋದು ಅಂಥ ರಾತ್ರಿಗಳಲ್ಲಿ ಮಾಮೂಲು. ಮೇಲೆ ಟ್ಯಾಂಕರ್ ವಿಮಾನ ಸುತ್ತಾಡ್ತಿರತ್ತೆ, ಇಂಧನ ಕಮ್ಮಿ ಆದೋರು ಹೋಗಿ ಕುಡ್ಕೊಂಡು ಬಂದು ಮತ್ತೆ ಟ್ರೈ ಮಾಡ್ಬೇಕು.

ಪ್ರತಿ ಲ್ಯಾಂಡಿಂಗ್‌ಗೂ ಮಾರ್ಕ್ಸ್ ಇದೆ ಅನ್ನೋದೂ ಹೇಳ್ಬೇಕು. ಎಲ್‌ಎಸ್‌ಒ ಹೇಳಿದ್ದನ್ನ ಪಕ್ಕದೋರು ಬುಕ್ಕಲ್ಲಿ ಬರ್ಕೋತಾರೆ, ಆಮೇಲೆ ಪೈಲಟ್‌ಗಳ ರೂಮಿಗೆ ಹೋಗಿ ಎಲ್ಲರ ಮುಂದೆ ಓದ್ತಾರೆ. ಅಮೆರಿಕನ್ ಸ್ಕ್ವಾಡ್ರನ್‌ಗಳಲ್ಲಿ ಗೋಡೆ ಮೇಲೆ ಬೋರ್ಡೇ ಇರತ್ತೆ, ಯಾರ್ ಎಷ್ಟು ಚೆನ್ನಾಗಿ ಇಳಿಸಿದ್ರು ಅಂತ ಬಣ್ಣದಲ್ಲಿ. ಕಮಾಂಡಿಂಗ್ ಆಫೀಸರ್ ಹೆಸರೂ ಅದೇ ಬೋರ್ಡಲ್ಲಿ.

ಬಸು_ಧಾರವಾಡ್ಕರ್:

ಹಳೇ ಡೆಕ್ ಸರ್ ಭಾಳ ಛಲೋ ಬರ್ದೀರಿ. ಒಂದು ಸೇರಸ್ತೀನ್ರಿ, ಮಂದಿ ಗಾಳಿ ಅಂದ್ರ ಬರೇ ವೈರಿ ಅಂತ ತಿಳ್ಕೋತಾರ, ಹಂಗಲ್ಲ. ಎದುರುಗಾಳಿ ಬೇಕೇ ಬೇಕು, ಗಾಳಿ ಇದ್ದಷ್ಟು ವಿಮಾನ ಡೆಕ್ಕಿಗೆ ಹೋಲಿಸಿದ್ರ ನಿಧಾನ ಬರತೈತಿ, ವೈರ್ ಮ್ಯಾಲೆ ಭಾರ ಕಮ್ಮಿ. ಅದಕ್ಕ ಹಡಗ ಗಾಳಿಗೆ ಮುಖ ಮಾಡಿ ಓಡತೈತಿ. ಗಾಳಿ ಇಲ್ಲದ ದಿನ ಹಡಗ ತಾನ ಜೋರ್ ಓಡಿ ಗಾಳಿ ಮಾಡ್ಕೋಬೇಕು, ಆದ್ರ ಆ ಗಾಳಿ ಹಡಗಿನ ನೇರಕ್ಕ ಬೀಸತೈತಿ, ಓರೆ ರನ್‌ವೇ ನೇರಕ್ಕ ಅಲ್ಲ. ಬಲಕ್ಕ ಇರೋ ಆ ದೊಡ್ಡ ಕಟ್ಟಡ, ಐಲ್ಯಾಂಡ್ ಅಂತಾರಲ್ರಿ, ಅದನ್ನ ದಾಟಿ ಬಂದ ಗಾಳಿ ಸುಳಿ ಸುಳಿ ಆಗಿ ಸರೀ ವಿಮಾನ ಬರೋ ದಾರ್ಯಾಗ ಬಂದು ಕೂಡತೈತಿ. ರ‍್ಯಾಂಪ್ ಮುಟ್ಟೂಕಿಂತ ಸ್ವಲ್ಪ ಮೊದಲ ವಿಮಾನ ಧಸಕ್ಕನ ಕೆಳಗ ಇಳಿದಂಗ ಆಗತೈತಿ, ಗೊತ್ತಿದ್ದ ಪೈಲಟ್ ಅಲ್ಲಿಗೆ ಬರೂಕಿಂತ ಮೊದಲ ಒಂಚೂರು ಪವರ್ ಕೊಟ್ಟಿರ್ತಾನ. ಸಮುದ್ರ ಕನ್ನಡಿ ಹಂಗ ಶಾಂತ ಐತಿ ಅಂದ್ರೂ ಇಳಿಸೂದು ಹಗುರ ಇರೂದಿಲ್ಲ ನೋಡ್ರಿ.

ನಮ್ಮ ಹಳೇ ವಿಕ್ರಾಂತಂದು 1971ರ ಯುದ್ಧದಾಗ ಒಂದು ಬಾಯ್ಲರ್ ಬಿರುಕು ಬಿಟ್ಟಿತ್ತು, ಪೂರ್ತಿ ವೇಗ ಓಡೂಕ ಆಗ್ತಿರ್ಲಿಲ್ಲ. ಅಷ್ಟ ವೇಗದಾಗ ಬಂಗಾಳ ಕೊಲ್ಲಿಯೊಳಗ ಸೀ ಹಾಕ್, ಆಲಿಝೆ ವಿಮಾನ ಹಾರಸ್ಯಾರ, ಇಳಿಸ್ಯಾರ. ಡಿಸೆಂಬರ್ 4ಕ್ಕ ಕಾಕ್ಸ್ ಬಜಾರ್ ಮತ್ತ ಚಿತ್ತಗಾಂಗ್ ಮ್ಯಾಲೆ ದಾಳಿ ಮಾಡಿದ್ದು ಅದೇ ಹಡಗಿಂದ. ಹಡಗಿನ ವೇಗ ಎಷ್ಟ ಮುಖ್ಯ ಅಂತ ತಿಳದ ಮ್ಯಾಲೆ ಅವ್ರ ಕೆಲಸದ ಬೆಲೆ ಗೊತ್ತಾಗತೈತಿ.

ಏರೋ_ಮಂಜು:

ಇತಿಹಾಸ ಸ್ವಲ್ಪ ಹೇಳ್ತೀನಿ, ಈ ಲೈಟು ಓರೆ ಡೆಕ್ಕು ಎಲ್ಲಾ ಒಂದೇ ದಿನಕ್ಕೆ ಬಂದಿದ್ದಲ್ಲ, ತುಂಬಾ ಜೀವ ಹೋಗಿ ಬಂದಿದ್ದು. ಹಡಗಿನ ಮೇಲೆ ಮೊದಲ್ನೇ ಸಲ ಇಳಿಸಿದ್ದು ಯೂಜೀನ್ ಎಲೀ, 18 ಜನವರಿ 1911, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲೀಲಿ ಪೆನ್ಸಿಲ್ವೇನಿಯಾ ಅನ್ನೋ ಯುದ್ಧನೌಕೆ ಮೇಲೆ. ಮರದ ಅಟ್ಟ ಕಟ್ಟಿ, ಅಡ್ಡಡ್ಡ ಹಗ್ಗ ಹಾಕಿ, ಹಗ್ಗದ ಎರಡೂ ತುದಿಗೆ ಮರಳುಚೀಲ ಕಟ್ಟಿದ್ರು. ನೂರು ವರ್ಷ ಆದ್ರೂ ತತ್ವ ಅದೇ, ನೋಡಿ. ಆದ್ರೆ ಅವತ್ತು ಹಡಗು ಲಂಗರು ಹಾಕಿ ನಿಂತಿತ್ತು. ಓಡ್ತಿರೋ ಹಡಗಿನ ಮೇಲೆ ಮೊದಲು ಇಳಿಸಿದ್ದು ಬ್ರಿಟನ್ನಿನ ಎಡ್ವಿನ್ ಡನ್ನಿಂಗ್, 2 ಆಗಸ್ಟ್ 1917, ಫ್ಯೂರಿಯಸ್ ಹಡಗು. ವಿಮಾನ ಡೆಕ್ ಮೇಲೆ ಬಂದಾಗ ಜನ ಓಡಿ ಬಂದು ಕೈಯಲ್ಲಿ ಹಿಡಿದು ನಿಲ್ಸಿದ್ರು. ಐದು ದಿನ ಆದ್ಮೇಲೆ ಮತ್ತೆ ಟ್ರೈ ಮಾಡೋವಾಗ ವಿಮಾನ ಅಂಚಿಂದ ಸಮುದ್ರಕ್ಕೆ ಬಿತ್ತು, ಅವರು ತೀರ್ಕೊಂಡ್ರು.

ಎರಡನೇ ಮಹಾಯುದ್ಧದ ಕಾಲದಲ್ಲಿ ಡೆಕ್ ನೇರ ಇತ್ತು, ಮುಂದುಗಡೆ ಬೇರೆ ವಿಮಾನ ನಿಲ್ಸಿರ್ತಿದ್ರು, ವೈರ್ ತಪ್ಪಿದ್ರೆ ಬಲೆಗೆ ಬಡೀಬೇಕು, ಬಲೇನೂ ದಾಟಿದ್ರೆ ನಿಂತಿರೋ ವಿಮಾನಗಳ ಮೇಲೆ. ಬೋಲ್ಟರ್ ಅನ್ನೋ ಮಾತೇ ಇಲ್ಲ. ಜೆಟ್ ಬಂದ ಮೇಲೆ ಈ ಪದ್ಧತಿ ಸಾಧ್ಯನೇ ಇಲ್ಲ ಅನ್ನೋ ಥರ ಆಯ್ತು. ಬ್ರಿಟಿಷ್ ನೇವಿಯ ಡೆನಿಸ್ ಕ್ಯಾಂಬೆಲ್ 1951ರಲ್ಲಿ ರನ್‌ವೇನ ಸ್ವಲ್ಪ ಓರೆ ಮಾಡೋ ಐಡಿಯಾ ಕೊಟ್ಟರು, ಅಷ್ಟೇ, ವೈರ್ ತಪ್ಪಿದ್ರೆ ಮುಂದೆ ಬರೀ ಸಮುದ್ರ, ಮತ್ತೆ ಹಾರಬಹುದು. ನನ್ನ ಪ್ರಕಾರ ಇಡೀ ಕ್ಯಾರಿಯರ್ ಇತಿಹಾಸದಲ್ಲಿ ಇಷ್ಟು ಸರಳವಾಗಿ ಇಷ್ಟು ಜೀವ ಉಳಿಸಿದ ಐಡಿಯಾ ಇನ್ನೊಂದಿಲ್ಲ. ಅದೇ ಹೊತ್ತಿಗೆ ಅದೇ ನೇವಿಯ ನಿಕೊಲಸ್ ಗುಡ್‌ಹಾರ್ಟ್ ಈ ಲೈಟಿನ ಹಳೇ ರೂಪ ತಂದ್ರು, ಆಗ ಲೆನ್ಸ್ ಅಲ್ಲ ಕನ್ನಡಿ ಇತ್ತು. ಅವರು ಅದನ್ನ ಮೇಜಿನ ಮೇಲೆ ಒಂದು ಚಿಕ್ಕ ಕನ್ನಡಿ, ಅದರ ಮೇಲೆ ಲಿಪ್‌ಸ್ಟಿಕ್ ಗೆರೆ, ಎದುರಿಗೆ ಒಂದು ಟಾರ್ಚ್ ಇಟ್ಟು ತೋರಿಸಿದ್ರಂತೆ. ಅದಕ್ಕೂ ಮುಂಚೆ ಎಲ್‌ಎಸ್‌ಒ ಎರಡು ಕೈಲಿ ಬ್ಯಾಟ್ ಹಿಡಿದು ಸನ್ನೆ ಮಾಡ್ತಿದ್ರು.

ರಾತ್ರಿ ವಿಷ್ಯಕ್ಕೆ 20 ಜೂನ್ 1944 ಬಗ್ಗೆ ಹೇಳ್ದೇ ಇರಕ್ಕಾಗಲ್ಲ. ಫಿಲಿಪ್ಪೀನ್ ಸಮುದ್ರದ ಯುದ್ಧ, ಸಂಜೆ ಹೊತ್ತಿಗೆ ಅಮೆರಿಕನ್ ವಿಮಾನಗಳು ತುಂಬಾ ದೂರ ಹೋಗಿ ದಾಳಿ ಮಾಡಿ ವಾಪಸ್ ಬರೋಷ್ಟರಲ್ಲಿ ಕತ್ತಲೆ, ಇಂಧನ ಮುಗೀತಾ ಬಂದಿದೆ, ಹೆಚ್ಚಿನೋರಿಗೆ ರಾತ್ರಿ ಡೆಕ್ ಮೇಲೆ ಇಳಿಸೋ ಅಭ್ಯಾಸಾನೇ ಇಲ್ಲ. ಜಪಾನಿ ಸಬ್‌ಮರೀನ್‌ಗಳ ಭಯ ಇದ್ರೂ ಅಡ್ಮಿರಲ್ ಮಾರ್ಕ್ ಮಿಟ್ಷರ್ ಹಡಗುಗಳ ದೀಪ ಎಲ್ಲಾ ಹಚ್ಚಿ ಅಂದ್ರು, ಸರ್ಚ್‌ಲೈಟ್ ಆಕಾಶಕ್ಕೆ ಬಿಟ್ರು. ಯಾವ ಹಡಗು ಸಿಗತ್ತೋ ಅದರ ಮೇಲೆ ಇಳೀರಿ ಅಂತ. ಆದ್ರೂ ಸುಮಾರು 80 ವಿಮಾನ ಇಂಧನ ಮುಗಿದು ನೀರಿಗೆ ಬಿದ್ದೋ ಡೆಕ್ ಮೇಲೆ ಒಡೆದೋ ಹೋದ್ವು. ಜನರಲ್ಲಿ ಬಹಳಷ್ಟು ಮಂದೀನ ನೀರಿಂದ ಎತ್ತಿ ಉಳಿಸಿದ್ರು.

ಟೆಕ್_ವಿನಯ್:

ಎಲ್ಲಾ ಸರಿ ಗುರುಗಳೇ ಆದ್ರೆ ಇದೆಲ್ಲಾ ಈಗ ಹಳೇ ಕಥೆ ಆಗ್ತಿದೆ ಅಲ್ವಾ? ಎಕ್ಸ್-47ಬಿ ಅನ್ನೋ ಪೈಲಟ್ಟೇ ಇಲ್ದಿರೋ ವಿಮಾನ 10 ಜುಲೈ 2013ಕ್ಕೇ ಜಾರ್ಜ್ ಎಚ್ ಡಬ್ಲ್ಯು ಬುಷ್ ಕ್ಯಾರಿಯರ್ ಮೇಲೆ ತಾನೇ ಇಳೀತು. ಅಮೆರಿಕದ ಸೂಪರ್ ಹಾರ್ನೆಟ್ ಜೆಟ್‌ನಲ್ಲಿ ಪ್ರಿಸಿಷನ್ ಲ್ಯಾಂಡಿಂಗ್ ಮೋಡ್ ಬಂದಿದೆ. ಮೊದಲು ಎತ್ತರ ತಿದ್ದೋಕೆ ಥ್ರಾಟಲ್, ಮೂಗು ಮೇಲೆ ಕೆಳಗೆ ಮಾಡೋಕೆ ಸ್ಟಿಕ್, ಒಂದನ್ನ ಮುಟ್ಟಿದ್ರೆ ಇನ್ನೊಂದು ಕೆಡತ್ತೆ, ಕೊನೇ ಹದಿನೆಂಟು ಸೆಕೆಂಡಲ್ಲಿ ನೂರಾರು ತಿದ್ದುಪಡಿ ಮಾಡ್ತಿದ್ರು. ಈಗ ಸ್ಟಿಕ್ ನೇರವಾಗಿ ಇಳಿಯೋ ದಾರೀನೇ ತಿದ್ದತ್ತೆ, ಫ್ಲಾಪು ಥ್ರಾಟಲ್ಲು ಎಲ್ಲಾ ಕಂಪ್ಯೂಟರ್ ನೋಡ್ಕೊಳ್ಳತ್ತೆ, ಕೈ ಬಿಟ್ರೆ ಅದೇ ದಾರೀಲಿ ಬರ್ತಾ ಇರತ್ತೆ. ಎಲ್‌ಎಸ್‌ಒಗಳು ಇನ್ನೆಷ್ಟು ವರ್ಷ ಬೇಕು?

ಹಳೇ_ಡೆಕ್:

ವಿನಯ್, ಆ ಸಾಫ್ಟ್‌ವೇರ್ ಬಗ್ಗೆ ನಂಗೂ ಬಹಳ ಗೌರವ ಇದೆ, ಅದು ಬಂದಿದ್ದು ಒಳ್ಳೇದೇ ಆಯ್ತು. ಆದ್ರೆ ಆಟೋಮ್ಯಾಟಿಕ್ ಅನ್ನೋದು ಹೊಸ ಮಾತಲ್ಲ, 1957ರಲ್ಲೇ ಆಂಟೀಟಮ್ ಕ್ಯಾರಿಯರ್ ಮೇಲೆ ಕೈ ಬಿಟ್ಟು ಇಳಿಸಿದಾರೆ. ಹಡಗಿನ ರೇಡಾರ್ ವಿಮಾನದ ಜಾಗ ನೋಡಿ ಸಿಗ್ನಲ್ ಕಳಿಸತ್ತೆ, ಆಟೋಪೈಲಟ್ ಹಿಡಿಯತ್ತೆ. ಇಲ್ಲೊಂದು ಸ್ವಾರಸ್ಯ ಇದೆ, ಆ ಸಿಸ್ಟಮ್ ಕೊನೇ ಕೆಲವು ಸೆಕೆಂಡಲ್ಲಿ ಡೆಕ್ಕಿನ ಚಲನೇನೂ ಲೆಕ್ಕಕ್ಕೆ ತಗೊಳತ್ತೆ. ಅಂದ್ರೆ ಮನುಷ್ಯ ಮಾಡಬಾರದು ಅಂದಿದ್ದನ್ನ ಮಷೀನ್ ಮಾಡಬಹುದು, ಯಾಕಂದ್ರೆ ಅದಕ್ಕೆ ಡೆಕ್ ಎಲ್ಲಿದೆ ಅಂತ ಪ್ರತಿ ಕ್ಷಣ ಗೊತ್ತು, ಅದರ ಕೈ ತಡ ಮಾಡಲ್ಲ.

ಆದ್ರೆ ಹುಕ್ ಮತ್ತೆ ರ‍್ಯಾಂಪ್ ಮಧ್ಯೆ ಇರೋ 14 ಅಡಿ ಹಾಗೇ ಇದೆ, ಯಾವ ಸಾಫ್ಟ್‌ವೇರೂ ಅದನ್ನ ಹದಿನೈದು ಮಾಡ್ಲಿಲ್ಲ. ವೈರ್ ಸರಿಯಾಗಿ ವಾಪಸ್ ಬಂತಾ, ಮುಂಚೆ ಇಳಿದ ವಿಮಾನ ರನ್‌ವೇ ಗೆರೆ ದಾಟಿ ಹೋಯ್ತಾ, ಬರ್ತಿರೋ ವಿಮಾನದ ತೂಕಕ್ಕೆ ಸರಿಯಾಗಿ ಕೆಳಗಡೆ ವೈರ್ ಹಿಡಿದು ತಡೆಯೋ ಮಷೀನ್ ಸೆಟ್ ಮಾಡಿದಾರಾ, ಇದೆಲ್ಲಾ ಜನಾನೇ ನೋಡ್ಬೇಕು. ಒಂದು ಇಳಿತಕ್ಕೂ ಇನ್ನೊಂದಕ್ಕೂ ಮಧ್ಯೆ ಒಂದು ನಿಮಿಷ ಕೂಡ ಸಿಗಲ್ಲ ಎಷ್ಟೋ ಸಲ. ಆ ಹೊತ್ತಲ್ಲಿ ವೈರ್ ಮೇಲೆ ಟಾರ್ಚ್ ಬಿಟ್ಟು, ಗ್ಲೌಸ್ ಹಾಕಿದ ಕೈ ಆಡಿಸಿ, ಎಳೆ ಕಿತ್ತಿದ್ಯಾ ಅಂತ ನೋಡೋ ಹುಡುಗ್ರು ಇರ್ತಾರೆ, ಮಳೆ ಗಾಳಿ ಉಪ್ಪುನೀರು ಎಲ್ಲಾ ಮುಖಕ್ಕೆ ಹೊಡೀತಿರತ್ತೆ. ಕಿತ್ತ ಒಂದು ಎಳೆ ಗ್ಲೌಸಿಗೆ ಕಚ್ಚಿದ್ರೆ ತಕ್ಷಣ ಕೂಗ್ತಾರೆ. ಆ ಕೆಲಸದ ಬೆಲೆ ಏನು ಅಂದ್ರೆ, ಮಾರ್ಚ್ 2016ರಲ್ಲಿ ಐಸೆನ್‌ಹೋವರ್ ಕ್ಯಾರಿಯರ್ ಮೇಲೆ ಒಂದು ಇ-2ಸಿ ಹಾಕ್‌ಐ ರೇಡಾರ್ ವಿಮಾನ ಇಳಿಯೋವಾಗ ವೈರ್ ಕೈಕೊಡ್ತು, ವಿಮಾನ ಡೆಕ್ ತುದಿಯಿಂದ ಕೆಳಗೆ ಕಾಣೆಯಾಗಿ, ನೀರು ಮುಟ್ಟೋಷ್ಟು ಹತ್ರ ಹೋಗಿ ಮತ್ತೆ ಎದ್ದು ಬಂತು, ಡೆಕ್ ಮೇಲಿದ್ದ 8 ಜನಕ್ಕೆ ಗಾಯ ಆಯ್ತು. ಆ ಪೈಲಟ್ ಮುಟ್ಟಿದ ತಕ್ಷಣ ಪವರ್ ಕೊಟ್ಟಿರದೇ ಇದ್ರೆ ಒಬ್ಬರೂ ಉಳೀತಿರ್ಲಿಲ್ಲ.

ಪೈಲಟ್‌ಗಳಿಗೆ ಒತ್ತಡ ಎಷ್ಟು ಅಂತ ಕೇಳೋರಿಗೆ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ನೇವಿ ಪೈಲಟ್‌ಗಳ ಎದೆಬಡಿತ ಅಳೆದಿದ್ರು, ಗುಂಡಿನ ಮಧ್ಯೆ ಬಾಂಬ್ ಹಾಕೋವಾಗಿಗಿಂತ ವಾಪಸ್ ಬಂದು ಡೆಕ್ ಮೇಲೆ ಇಳಿಯೋವಾಗ್ಲೇ ಜಾಸ್ತಿ ಇತ್ತು.

ಫ್ರಿಗೇಟ್_ಗಿರಿ:

ಹೆಲಿಕಾಪ್ಟರ್ ಪ್ರಶ್ನೆ ಯಾರೂ ಮುಟ್ಟಿಲ್ಲ, ನಾನು ಚಿಕ್ಕ ಹಡಗಲ್ಲಿ ಇದ್ದೋನು, ಹೇಳ್ತೀನಿ. ಸುಲಭ ಅಲ್ಲವೇ ಅಲ್ಲ, ಬೇರೆ ಥರ ಕಷ್ಟ. ಕ್ಯಾರಿಯರ್ 260 ಮೀಟರ್, 330 ಮೀಟರ್ ಇರತ್ತೆ, ಆ ಭಾರಕ್ಕೆ ಅಲೆ ತಡ್ಕೊಳತ್ತೆ. ಫ್ರಿಗೇಟ್ ಅನ್ನೋ ಚಿಕ್ಕ ಯುದ್ಧನೌಕೆ ಅದಕ್ಕಿಂತ ತುಂಬಾ ಚಿಕ್ಕದು, ಹೆಲಿಡೆಕ್ ಹಿಂದಿನ ತುದೀಲೇ ಇರತ್ತೆ, ಮುಂದೆ ಹ್ಯಾಂಗರ್ (ಹೆಲಿಕಾಪ್ಟರ್ ಒಳಗಿಡೋ ಮನೆ) ಗೋಡೆ, ರೋಟರಿಗೂ ಗೋಡೆಗೂ ಸಂದಿ ಕೆಲವೇ ಮೀಟರ್. ಹಡಗು ಉದ್ದಕ್ಕೂ ತೂಗತ್ತೆ, ಅಡ್ಡಕ್ಕೂ ಹೊರಳತ್ತೆ.

ಪೈಲಟ್ ಮೊದಲು ಡೆಕ್ ಪಕ್ಕ ಬಂದು ಹಡಗಿನ ಜೊತೆ ಅದೇ ವೇಗದಲ್ಲಿ ತೇಲ್ತಾ ಇರ್ತಾರೆ. ಇಲ್ಲೂ ಡೆಕ್ ನೋಡಿ ಅದರ ಜೊತೆ ವಾಲೋ ಹಾಗಿಲ್ಲ. ಹ್ಯಾಂಗರ್ ಬಾಗಿಲ ಮೇಲೆ ಒಂದು ಉದ್ದದ ದೀಪದ ಪಟ್ಟಿ ಇರತ್ತೆ, ಹಾರಿಜಾನ್ ಬಾರ್, ಗೈರೋ ಹಾಕಿರೋದು, ಹಡಗು ಎಷ್ಟೇ ಹೊರಳಿದ್ರೂ ಅದು ಮಟ್ಟಸವಾಗಿ ನಿಂತಿರತ್ತೆ. ಕಣ್ಣು ಅದರ ಮೇಲೆ. ಕತ್ತಲಲ್ಲಿ ಆ ಪಟ್ಟಿ ಬಿಟ್ರೆ ಮೇಲು ಯಾವುದು ಕೆಳಗು ಯಾವುದು ಅಂತ ಹೇಳೋಕೆ ಇನ್ನೇನೂ ಇರಲ್ಲ. ಆದ್ರೆ ಜೆಟ್ ಮಾಡಕ್ಕಾಗದೇ ಇರೋದನ್ನ ಹೆಲಿಕಾಪ್ಟರ್ ಮಾಡಬಹುದು, ಕಾಯಬಹುದು. ಹಡಗು ಹೊರಳಿ ಹೊರಳಿ ಒಂದು ಹಂತದಲ್ಲಿ ಕೆಲವು ಸೆಕೆಂಡ್ ಸುಮ್ನಾಗತ್ತೆ, ಆಗ ಪಕ್ಕದಿಂದ ಡೆಕ್ ಮೇಲೆ ಸರಿದು ಗಟ್ಟಿಯಾಗಿ ಕೂರಿಸಿಬಿಡ್ಬೇಕು. ಮೆಲ್ಲಗೆ ಮುಟ್ಟಿಸೋಣ ಅಂತ ಹೋದ್ರೆ ಕೆಡತ್ತೆ, ಮುಂದಿನ ಹೊರಳಿಗೆ ಜಾರತ್ತೆ.

ಕೂತ ಮೇಲೂ ಅಪಾಯ ಮುಗಿದಿಲ್ಲ. ಅದಕ್ಕೆ ಲಿಂಕ್ಸ್ ಥರದ ಹೆಲಿಕಾಪ್ಟರ್‌ಗಳಿಗೆ ಹೊಟ್ಟೆ ಕೆಳಗೆ ಹಾರ್ಪೂನ್, ಅಂದ್ರೆ ಕಚ್ಚಿ ಹಿಡಿಯೋ ಕೊಕ್ಕೆ, ಇರತ್ತೆ, ಡೆಕ್ ಮೇಲೆ ತೂತು ತೂತಿನ ಕಬ್ಬಿಣದ ಗ್ರಿಡ್, ಕೂತ ಕೂಡ್ಲೇ ಹಾರ್ಪೂನ್ ಗ್ರಿಡ್ ಕಚ್ಚತ್ತೆ, ರೋಟರ್ ಬ್ಲೇಡ್ ಕೋನ ತಿರುಗಿಸಿ ಹೆಲಿಕಾಪ್ಟರನ್ನೇ ಡೆಕ್ಕಿಗೆ ಒತ್ತಿ ಹಿಡೀತಾರೆ. ಕೆನಡಾ ನೇವಿಯೋರು 1960ರ ದಶಕದಲ್ಲಿ ಬೇರ್‌ಟ್ರ್ಯಾಪ್ ಅಂತ ಮಾಡಿದ್ರು, ಉತ್ತರ ಅಟ್ಲಾಂಟಿಕ್ ಸಮುದ್ರಕ್ಕೆ, ಚಿಕ್ಕ ಡಿಸ್ಟ್ರಾಯರ್ ಮೇಲೆ ಸೀ ಕಿಂಗ್‌ನಷ್ಟು ದೊಡ್ಡ ಹೆಲಿಕಾಪ್ಟರ್ ಇಳಿಸ್ಬೇಕಿತ್ತು. ಮೇಲಿಂದ ಒಂದು ತೆಳ್ಳಗಿನ ಕೇಬಲ್ ಬಿಡ್ತಾರೆ, ಡೆಕ್ ಹುಡುಗ್ರು ಅದಕ್ಕೆ ಹಡಗಿನ ದಪ್ಪ ಕೇಬಲ್ ಸೇರಿಸ್ತಾರೆ, ಅದು ಮೇಲೆ ಹೋಗಿ ಲಾಕ್ ಆಗತ್ತೆ, ಆಮೇಲೆ ಡೆಕ್ ಒಳಗಿನ ವಿಂಚ್ ಹದವಾಗಿ ಎಳೆಯತ್ತೆ, ಹೆಲಿಕಾಪ್ಟರ್ ಮೇಲಕ್ಕೆ ಎಳೀತಿರತ್ತೆ, ಕೇಬಲ್ ಬಿಗಿ ಇರೋದ್ರಿಂದ ಹೆಲಿಕಾಪ್ಟರ್ ಡೆಕ್ ನಡುವಿನ ನೇರಕ್ಕೇ ಇರತ್ತೆ. ಕೂತ ತಕ್ಷಣ ಕಬ್ಬಿಣದ ದವಡೆ ಮುಚ್ಚಿ ಹಿಡ್ಕೊಳತ್ತೆ, ಅದೇ ದವಡೆ ಹಳಿ ಮೇಲೆ ಹ್ಯಾಂಗರ್ ಒಳಗೂ ಎಳ್ಕೊಂಡು ಹೋಗತ್ತೆ.

ಆ ಕೇಬಲ್ ಹಿಡಿಯೋರ ಬಗ್ಗೆ ಒಂದು ಮಾತು. ತಿರುಗೋ ರೋಟರಿಂದ ಹೆಲಿಕಾಪ್ಟರಲ್ಲಿ ಸ್ಟ್ಯಾಟಿಕ್ ಕರೆಂಟ್ ತುಂಬಿರತ್ತೆ, ಬರಿಗೈಲಿ ಮುಟ್ಟಿದ್ರೆ ಎತ್ತಿ ಎಸೆಯತ್ತೆ. ಅದಕ್ಕೆ ಒಬ್ಬ ಮೊದಲು ಅರ್ಥಿಂಗ್ ಕೋಲಿಂದ ಕೇಬಲ್ ಮುಟ್ಟಿಸಿ ಆಮೇಲೆ ಇನ್ನೊಬ್ಬ ಹಿಡೀಬೇಕು. ತಲೆ ಮೇಲೆ ಅಷ್ಟು ಟನ್ ತೂಕ ಗಾಳೀಲಿ ಅಲ್ಲಾಡ್ತಿರತ್ತೆ, ಕಾಲ ಕೆಳಗೆ ಒದ್ದೆ ಡೆಕ್ ವಾಲ್ತಿರತ್ತೆ, ರೋಟರ್ ಗಾಳಿಗೆ ಮಾತು ಒಂದೂ ಕೇಳ್ಸಲ್ಲ, ಎಲ್ಲಾ ಕೈಸನ್ನೆ. ಪೈಲಟ್‌ಗಳ ಹೆಸರು ಎಲ್ಲರಿಗೂ ಗೊತ್ತಾಗತ್ತೆ, ಈ ಹುಡುಗ್ರದ್ದು ಗೊತ್ತಾಗಲ್ಲ, ಅವರನ್ನ ನೆನೀದೇ ಈ ವಿಷ್ಯ ಮಾತಾಡೋದು ಸರಿ ಅಲ್ಲ ಅಂತ ನಂಗನ್ಸತ್ತೆ.

ಏರೋ_ಮಂಜು:

ಗಿರಿ ಸರ್ ಅದ್ಭುತ. ನಮ್ಮ ನೇವೀದೂ ಒಂದೆರಡು ಸೇರಿಸ್ತೀನಿ. ಹಳೇ ವಿಕ್ರಾಂತ್ ಮೇಲೆ ಮೊದಲ್ನೇ ಜೆಟ್ ಇಳಿಸಿದ್ದು 18 ಮೇ 1961ರಲ್ಲಿ ಆರ್ ಎಚ್ ತಹಿಲಿಯಾನಿ, ಆಗ ಲೆಫ್ಟಿನೆಂಟ್, ಮುಂದೆ ನೌಕಾಪಡೆ ಮುಖ್ಯಸ್ಥರೇ ಆದ್ರು. ನಮ್ಮದೇ ಎಲ್‌ಸಿಎ (ತೇಜಸ್) ನೇವಿ ವಿಮಾನ ವಿಕ್ರಮಾದಿತ್ಯ ಕ್ಯಾರಿಯರ್ ಮೇಲೆ ಇಳಿದಿದ್ದು 11 ಜನವರಿ 2020, ಕಮೋಡೋರ್ ಜೈದೀಪ್ ಮಾವಳಂಕರ್ ಇಳಿಸಿದ್ದು. ಅದಕ್ಕೂ ಮುಂಚೆ ಗೋವಾದ ಐಎನ್‌ಎಸ್ ಹಂಸದಲ್ಲಿ ನೆಲದ ಮೇಲೇ ಡೆಕ್ ಥರ ಕಟ್ಟಿ, ವೈರ್ ಹಾಕಿ ಅಭ್ಯಾಸ ಮಾಡಿದ್ರು. ಹೊಸ ವಿಕ್ರಾಂತ್ ಮೇಲೆ ಎಲ್‌ಸಿಎ ಮತ್ತೆ ಮಿಗ್-29ಕೆ ಎರಡೂ ಫೆಬ್ರವರಿ 2023ರಲ್ಲಿ ಇಳಿದ್ವು, ಅದೇ ವರ್ಷ ಮೇ ತಿಂಗಳಲ್ಲಿ ಮಿಗ್ ರಾತ್ರಿ ಇಳೀತು. ನಮ್ಮೆರಡೂ ಹಡಗಲ್ಲಿ ವೈರ್ ಮೂರೇ.

ಸುಮಾ_ಎನ್:

ಎಲ್ಲರಿಗೂ ತುಂಬು ಹೃದಯದ ಧನ್ಯವಾದ, ನಿಜವಾಗ್ಲೂ ಒಂದೊಂದು ಸಾಲೂ ಎರಡೆರಡು ಸಲ ಓದ್ದೆ. ಕೊನೇ ಪ್ರಶ್ನೆ. ಹುಕ್ಕೇ ಮುರಿದು ಹೋಗಿದೆ ಅಥವಾ ಇಳಿಯೋಕೇ ಬರ್ತಿಲ್ಲ, ದಡ ತುಂಬಾ ದೂರ, ಎಷ್ಟು ಇಂಧನ ತುಂಬಿಸಿದ್ರೂ ತಲುಪಕ್ಕಾಗಲ್ಲ ಅಂದ್ರೆ?

ಹಳೇ_ಡೆಕ್:

ಎರಡೇ ದಾರಿ. ಒಂದು, ಹಡಗಿನ ಹತ್ರ ಬಂದು ಇಜೆಕ್ಟ್ ಆಗೋದು, ಅಂದ್ರೆ ಸೀಟ್ ಸಮೇತ ಹೊರಗೆ ಹಾರೋದು, ಹೆಲಿಕಾಪ್ಟರ್ ರೆಡಿ ಇರತ್ತೆ ಎತ್ಕೊಳೋಕೆ. ನವೆಂಬರ್ 2016ರಲ್ಲಿ ರಷ್ಯಾದ ಕುಜ್ನೆತ್ಸೊವ್ ಕ್ಯಾರಿಯರ್ ಮೇಲೆ ವೈರ್ ತೊಂದರೆ ಆಗಿ, ರಿಪೇರಿ ಆಗ್ಲಿ ಅಂತ ಮೇಲೆ ಕಾಯ್ತಿದ್ದ ಮಿಗ್-29 ಸಮುದ್ರಕ್ಕೆ ಬಿತ್ತು, ಪೈಲಟ್ ಇಜೆಕ್ಟ್ ಆಗಿ ಉಳ್ಕೊಂಡ್ರು.

ಇನ್ನೊಂದು ಬ್ಯಾರಿಕೇಡ್. ಡೆಕ್ ಅಡ್ಡಕ್ಕೆ ದಪ್ಪ ನೈಲಾನ್ ಪಟ್ಟಿಗಳ ಬಲೆ ಎತ್ತಿ ನಿಲ್ಸೋದು. ಅಮೆರಿಕನ್ ಕ್ಯಾರಿಯರ್‌ಗಳಲ್ಲಿ ಇದರ ಡ್ರಿಲ್ ಆಗಾಗ ಮಾಡಿಸ್ತಾರೆ, ಡೆಕ್ ಮೇಲಿರೋ ಎಲ್ಲರೂ ಓಡಿ ಬಂದು ಆ ಭಾರದ ಬಲೇನ ಎಳೆದು ಬಿಡಿಸಿ ಕಂಬಕ್ಕೆ ಸಿಕ್ಕಿಸಬೇಕು, ಕೆಲವೇ ನಿಮಿಷದಲ್ಲಿ. ಇದಕ್ಕೆ ಬರೋ ಪೈಲಟ್‌ಗೆ ಒಂದೇ ಅವಕಾಶ, ಬಲೆಗೆ ಎತ್ತರ ಇರೋದ್ರಿಂದ ಬೋಲ್ಟರ್ ಇಲ್ಲ. ಹಾಗಾಗಿ ಇಡೀ ಕಲಿಕೆಗೆ ವಿರುದ್ಧವಾದ ಕೆಲಸ ಮಾಡ್ಬೇಕು, ಮುಟ್ಟಿದಾಗ ಫುಲ್ ಪವರ್ ಕೊಡೋ ಹಾಗಿಲ್ಲ, ರ‍್ಯಾಂಪ್ ದಾಟ್ತಿದ್ದ ಹಾಗೆ ಎಲ್‌ಎಸ್‌ಒ ಕಟ್ ಕಟ್ ಕಟ್ ಅಂತ ಕೂಗ್ತಾರೆ, ಅಂದ ತಕ್ಷಣ ಪೈಲಟ್ ಎಂಜಿನ್ ಆಫ್ ಮಾಡ್ತಾರೆ.